ಹೆಸರೇ ಗುರುತಾಗಬಾರದು

ಗಣಕಯಂತ್ರದ ತೆರೆಯ ಮೇಲೆ ಒಂದು ಪಟ್ಟಿ ಮೂಡುತ್ತದೆ. ಅದು ಊರುಗಳದ್ದಿರಬಹುದು, ಪುಸ್ತಕಗಳದ್ದಿರಬಹುದು, ಆಸ್ಪತ್ರೆಯ ರೋಗಿಗಳದ್ದಿರಬಹುದು. ನಾವು ಅದರಲ್ಲೊಂದು ಸಾಲನ್ನು ಆರಿಸುತ್ತೇವೆ. ಆರಿಸಿದ್ದು ಯಾವುದನ್ನೆಂದು ಯಂತ್ರವು ಅರಿಯುವುದು ಹೇಗೆ? ಮೂರು ದಾರಿಗಳುಂಟು. ಸಾಲಿನ ಕ್ರಮಾಂಕವನ್ನು ನೆಚ್ಚಬಹುದು. ಕಾಣುವ ಹೆಸರನ್ನೇ ನೆಚ್ಚಬಹುದು. ಇಲ್ಲವೆ ಪ್ರತಿಯೊಂದಕ್ಕೂ ಬೇರೆಯೇ ಆದ ಅಕ್ಷರಮಾಲೆಯೊಂದನ್ನು ಗುರುತಾಗಿ ಕೊಟ್ಟು ತೆರೆಯ ಹಿಂದೆ ಇಟ್ಟುಕೊಳ್ಳಬಹುದು. ಮೂರನೆಯದೊಂದೇ ಸರಿಯಾದ ದಾರಿಯೆಂಬುದು ನಮ್ಮ ಅಭಿಪ್ರಾಯ.

ಕ್ರಮಾಂಕದ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿದೊಡನೆ ಐದನೆಯದು ಹತ್ತನೆಯದಾದೀತು. ನಂಬಿಸಿ ಕೈಕೊಡುವುದು ಹೆಸರು.

2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ನಗರಗಳ ಹೆಸರುಗಳು ಬದಲಾದವು. ಬಿಜಾಪುರವು ವಿಜಯಪುರವಾಯಿತು. ಆದರೆ ದೇವನಹಳ್ಳಿ ತಾಲ್ಲೂಕಿನಲ್ಲಿ ವಿಜಯಪುರವೆಂಬ ಪಟ್ಟಣವು ಅದಕ್ಕೆ ಮೊದಲೇ ಇದ್ದಿತಷ್ಟೆ! ಹೆಸರನ್ನೇ ಗುರುತಾಗಿ ಹಿಡಿದ ಪಟ್ಟಿಯಲ್ಲಿ ಬಿಜಾಪುರದ ಹಳೆಯ ದಾಖಲೆಗಳು ಅನಾಥವಾಗುತ್ತವೆ. ಹೊಸವು ಇನ್ನೊಂದು ಊರಿನವುಗಳೊಡನೆ ಬೆರೆತುಹೋಗುತ್ತವೆ. ವಿಮಾನಯಾನದವರು ಇದಕ್ಕೆ ಅವಕಾಶ ಕೊಡಲಿಲ್ಲ. 1995ರಲ್ಲಿ ಬೊಂಬಾಯಿ ಮುಂಬಯಿಯಾದರೂ, 1996ರಲ್ಲಿ ಮದರಾಸು ಚೆನ್ನೈ ಆದರೂ, ನಿಲ್ದಾಣಗಳ ‘ಬಿಒಎಂ’, ‘ಎಂಎಎ’ ಎಂಬ ಸಂಕೇತಗಳು ಹಾಗೆಯೇ ಉಳಿದವು.

ಕನ್ನಡಕ್ಕೆ ಇನ್ನೊಂದು ತೊಡಕುಂಟು. ಯೂನಿಕೋಡ್ ಪದ್ಧತಿಯಲ್ಲಿ ‘ಕೊ’ ಎಂಬುದರ ಒತ್ವವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು. ಎತ್ವ ಮತ್ತು ಊತ್ವಗಳೆಂಬ ಎರಡು ಚಿಹ್ನೆಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಮೊದಲು ಏಕರೂಪಕ್ಕೆ ತಾರದೆ ಹೋಲಿಸುವ ಯಂತ್ರಕ್ಕೆ ಮಾತ್ರ ಅವು ಬೇರೆ ಬೇರೆ!

ಗುರುತಿನ ಅಕ್ಷರಗಳನ್ನು ಆರಿಸುವಾಗಲೂ ಎಚ್ಚರ ಬೇಕು. ‘ಸೆಪ್ಟ್1’ ಎಂಬ ವಂಶವಾಹಿಯ ಸಂಕೇತವನ್ನು ಎಕ್ಸೆಲ್ ತಂತ್ರಾಂಶವು ಸೆಪ್ಟೆಂಬರ್ ಒಂದನೆಯ ತಾರೀಖೆಂದು ಭಾವಿಸಿ ತಿದ್ದಿಬಿಡುತ್ತಿತ್ತು. ಇಂತಹ ಪಟ್ಟಿಗಳನ್ನು ಲಗತ್ತಿಸಿದ್ದ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಈ ಬಗೆಯ ದೋಷಗಳಿಂದ ಕೂಡಿದ್ದುವೆಂದು 2016ರ ಪರಿಶೀಲನೆಯೊಂದು ತೋರಿಸಿತು. ಕಡೆಗೆ ವಿಜ್ಞಾನಿಗಳೇ ಮಣಿದರು. 2020ರ ವೇಳೆಗೆ ಅದರ ಸಂಕೇತ ‘ಸೆಪ್ಟಿನ್1’ ಎಂದಾಗಿತ್ತು. ಬರಿಯ ಅಂಕಿಗಳ ಗುರುತೂ ಅಪಾಯಕರವೇ. ಅದನ್ನು ಸಂಖ್ಯೆಯೆಂದೆಣಿಸಿದರೆ ಮೊದಲ ಸೊನ್ನೆ ಅಳಿದುಹೋಗುತ್ತದೆ. ಹತ್ತು ಸ್ಥಾನಗಳ ಹಳೆಯ ಐಎಸ್‌ಬಿಎನ್‌ನ ಕೊನೆಯಲ್ಲಿ ‘ಎಕ್ಸ್’ ಅಕ್ಷರವೂ ಬರುತ್ತಿತ್ತೆಂಬುದನ್ನು ಮರೆಯಬಾರದು. ಗುರುತು ಕೂಡಿ ಕಳೆಯುವ ಸಂಖ್ಯೆಯಲ್ಲ, ಅದು ಅಕ್ಷರಮಾಲೆ.

ಅರ್ಥವಿಲ್ಲದ ಅಕ್ಷರಮಾಲೆಯನ್ನು ಓದುವವರಾರು ಎಂದು ಕೆಲವರು ಆಕ್ಷೇಪಿಸಬಹುದು. ಓದಬೇಕಾದ ಅಗತ್ಯವೇ ಇಲ್ಲ. ಓದುವವರಿಗೆ ಹೆಸರು, ಯಂತ್ರಕ್ಕೆ ಗುರುತು. ಯುಯುಐಡಿ ಎಂಬ 36 ಅಕ್ಷರಗಳ ಮಾಲೆಯನ್ನು ಯಾವ ಕೇಂದ್ರವನ್ನೂ ಕೇಳದೆ ಯಾವ ಯಂತ್ರವಾದರೂ ರಚಿಸಿಕೊಳ್ಳಬಲ್ಲದು. ಸರಿಯಾಗಿ ರಚಿಸಿದ ಎರಡು ಮಾಲೆಗಳು ಒಂದೇ ಆಗುವ ಸಂಭವ ಗಣನೆಗೆ ಬಾರದಷ್ಟು ಅಲ್ಪ. ಒಮ್ಮೆ ಕೊಟ್ಟುದನ್ನು ಬದಲಿಸಬಾರದು. ಆ ವಸ್ತು ಪಟ್ಟಿಯಿಂದ ಅಳಿದರೂ ಅದರ ಗುರುತನ್ನು ಬೇರೊಂದಕ್ಕೆ ಕೊಡಬಾರದು.

ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮನವರು ಇರುವುದು ನಮ್ಮ ನಾಡಿನಲ್ಲಿ ಅಪರೂಪವೇನಲ್ಲ. ಒಬ್ಬರ ರಕ್ತಪರೀಕ್ಷೆಯ ಫಲಿತಾಂಶವನ್ನು ನೋಡಿ ಇನ್ನೊಬ್ಬರಿಗೆ ಔಷಧ ಕೊಟ್ಟರೆ ಆಗುವ ಹಾನಿಯನ್ನು ವಾಚಕರೇ ಊಹಿಸಿಕೊಳ್ಳಬಹುದು. ತಂತ್ರಾಂಶವನ್ನು ರಚಿಸುವವರು ಮೊದಲ ದಿನವೇ ಈ ವಿಷಯಕ್ಕೆ ಗಮನ ಕೊಡತಕ್ಕದ್ದು. ದಾಖಲೆಗಳು ಲಕ್ಷಗಟ್ಟಲೆ ಬೆಳೆದ ಮೇಲೆ ಬೆರೆತವನ್ನು ಬೇರ್ಪಡಿಸುವುದು ಬಹು ಕಷ್ಟ.