ಕೀಲಿ ಹಂಗ ಇತ್ತು, ಕೊಂಡಿನ ಇರಲಿಲ್ಲ

ಅಕ್ಕಾರ, ನಮ್ಮ ಹಿತ್ತಲದ ಪತ್ರಾಸ್ ಶೆಡ್ಡಿನಾಗ ಕಳುವಾದದ್ದು ನಿಮಗೆಲ್ಲಾ ಗೊತ್ತೈತಿ. ಕೌದಿ ಹೊಲ್ಯಾಕ ಇಟ್ಟಿದ್ದ ಮಷಿನ್ನು, ದೊಡ್ಡ ಕತ್ರಿ, ನಮ್ಮವ್ವನ ಇಳಕಲ್ ಸೀರಿ ಹಾಕಿ ಅರ್ಧಾ ಹೊಲದಿದ್ದ ಕೌದಿ, ಎಲ್ಲಾ ಹೋತು.

"ಹಳೇ ಅರಿವಿಗೆ ಯಾಕ ಪೊಲೀಸ್ರು?" ಅಂದ್ರು ನಮ್ಮ ಮನಿಯವ್ರು. ಎಮ್ಮಿ ಕಳುವಾಗಿದ್ರ ಹಂಗ ಅಂತಿದ್ರೇನು? ಹೆಂಗಸರು ಬೀಸೂವಾಗ ಹಾಡಿದ್ದನ್ನ ಹಲಸಂಗಿ ಗೆಳೆಯರು ಬರಕೊಂಡು 1931ರಾಗ 'ಗರತಿಯ ಹಾಡು' ಅಂತ ಪುಸ್ತಕ ಮಾಡಿದ್ರು. ಅಂಥಾ ಊರಾಗ ನಮ್ಮ ಕೈಕೆಲಸಕ್ಕ ಬೆಲಿ ಇಲ್ಲಂದ್ರ ಹ್ಯಾಂಗ? ನಾ ಹೋಗಿ ದೂರು ಕೊಟ್ಟೇ ಬಂದೆ. ಎಫ್‌ಐಆರ್ ಪ್ರತಿ ಪುಕ್ಕಟ ಕೊಡಬೇಕಂತ ಕಾಯ್ದೆದಾಗ ಐತಿ, ಕೇಳಿ ಇಸ್ಕೋರಿ. ಮಷಿನ್ ನಂಬರ್ ಕೇಳಿದ್ರು. ಪುಣ್ಯಾಕ್ಕ ಪಾವತಿ ಟ್ರಂಕಿನಾಗ ಇತ್ತು. ನಿಮ್ಮ ಮಷಿನ್ನಿನ ನಂಬರ್ ಇವತ್ತ ಬರದಿಡ್ರಿ, ಮೊಬೈಲಿನಾಗ ಒಂದು ಫೋಟೋನೂ ಇರ್ಲಿ.

ನೋಡಾಕ ಬಂದವ್ರೆಲ್ಲಾ "ಕೀಲಿ ಸಣ್ಣದಿತ್ತು" ಅಂದ್ರು. ಯವ್ವಾ, ಕೀಲಿ ಮುರದೇ ಇಲ್ಲ! ಕೊಂಡಿ ಸ್ಕ್ರೂ ಹೊರಗ ಇದ್ದೂ, ಬಿಚ್ಚಿ ಕೀಲಿ ಸಮೇತ ಕೆಳಗ ಇಟ್ಟು ಹೋಗ್ಯಾರ. ದೊಡ್ಡ ಕೀಲಿ ತಂದು ಏನ ಮಾಡೂದು? ಈಗ ಸ್ಕ್ರೂ ತಗಸಿ ಬಾಗಲದಾಗ ಆರಪಾರ ಬೋಲ್ಟ್ ಹಾಕ್ಸಿ, ನಟ್ಟು ಒಳಮಗ್ಗಲ ಬಿಗಿಸೀವಿ. ಬಾಗಲದ ಬಿಜಾಗರಿಗೂ ಹಂಗ. ಕಿಡಕಿಗೆ ಪರದೆ ಕಟ್ಟೀನಿ, ಒಳಗ ಏನೈತಿ ಅಂತ ದಾರ್ಯಾಗ ಹೋಗವ್ರಿಗೆ ಕಾಣಬಾರದು. ರಾತ್ರಿ ಮಷಿನ್ ಮ್ಯಾಲಿಂದು ಬಿಚ್ಚಿ ಮನ್ಯಾಗ ಇಡೂದು ಛಲೋ. ಹೊಸಾದು ಬಂದ್ರ ನಾ ಹಂಗ ಮಾಡಾಕಿ.

ಕೌದಿ ಇನ್ನೂ ಸಿಕ್ಕಿಲ್ಲ. ಕೆಂಪ ಟೋಪತೆನಿ ಸೆರಗು ನಡುವ ಐತಿ, ಒಂದ ಮೂಲಿ ಹೊಲದಿಲ್ಲ. ಸಂತ್ಯಾಗ ಎಲ್ಲೆರ ಕಂಡ್ರ ಫೋನ್ ಹಚ್ರಿ.