ಹತ್ತರಲ್ಲಿ ಒಬ್ಬ ಸೋಲಲೇಬೇಕೆ?

2025ರ ಜನವರಿಯಲ್ಲಿ ಮೆಟಾ ಕಂಪನಿ, ಕೆಲಸದಲ್ಲಿ ಹಿಂದೆ ಬಿದ್ದವರೆಂದು ಗುರುತಿಸಿ ಸುಮಾರು ಶೇ. 5ರಷ್ಟು ನೌಕರರನ್ನು ಕೈಬಿಡುವುದಾಗಿ ಹೇಳಿದಾಗ ಮೆಚ್ಚಿ ತಲೆದೂಗಿದವರು ಕಡಿಮೆಯಿರಲಿಲ್ಲ. ದೊಡ್ಡ ಕಂಪನಿಯಲ್ಲಿ ಪೈಪೋಟಿ ಸಹಜ, ಓಡಲಾರದವರು ದಾರಿ ಬಿಡಲಿ ಎನ್ನುವುದು ಈಗ ಜಾಣರ ಮಾತಾಗಿದೆ. ನಾನು ಒಪ್ಪುವುದಿಲ್ಲ. ಒಂದೇ ತಂತ್ರಾಂಶವನ್ನು ಕೂಡಿ ಕಟ್ಟುವವರನ್ನು ಪರಸ್ಪರ ಎದುರಾಳಿಗಳಾಗಿ ನಿಲ್ಲಿಸಿ ಅಳೆದರೆ ಮೊದಲು ಕೆಡುವುದು ಆ ತಂತ್ರಾಂಶವೇ.

ಇದನ್ನು ಮೈಕ್ರೋಸಾಫ್ಟ್ ಅನುಭವಿಸಿ ನೋಡಿದೆ. ಅಲ್ಲಿ ಬಹುಕಾಲ ಪ್ರತಿ ತಂಡದಲ್ಲೂ ಇಷ್ಟು ಮಂದಿ ಉತ್ತಮರು, ಇಷ್ಟು ಮಂದಿ ಕಳಪೆ ಎಂದು ಮೊದಲೇ ಗೊತ್ತುಮಾಡಿದ ರ‍್ಯಾಂಕಿಂಗ್ ಲೆಕ್ಕವಿತ್ತು. ಹತ್ತೂ ಜನ ಚೆನ್ನಾಗಿ ದುಡಿದರೂ ಯಾರಾದರೂ ಒಬ್ಬರು ಕೆಳಗೆ ಬೀಳಲೇಬೇಕು. ಹಾಗಾದಾಗ ನುರಿತ ಎಂಜಿನಿಯರು ಇನ್ನೊಬ್ಬ ನುರಿತವನ ತಂಡಕ್ಕೆ ಏಕೆ ಹೋಗುತ್ತಾನೆ? ಹೊಸಬನಿಗೆ ತನಗೆ ಗೊತ್ತಿದ್ದುದನ್ನೆಲ್ಲ ಏಕೆ ಕಲಿಸುತ್ತಾನೆ? 2013ರ ನವೆಂಬರಿನಲ್ಲಿ ಕಂಪನಿಯೇ ಆ ಪದ್ಧತಿಯನ್ನು ಕೈಬಿಟ್ಟಿತು.

ಎದುರು ವಾದದಲ್ಲಿ ತೂಕವಿದೆ. ಕಡ್ಡಾಯದ ಲೆಕ್ಕವಿಲ್ಲದಿದ್ದರೆ ಮ್ಯಾನೇಜರುಗಳು ನಿಷ್ಠುರಕ್ಕೆ ಹೆದರಿ ಎಲ್ಲರಿಗೂ ಒಳ್ಳೆಯ ರೇಟಿಂಗ್ ಕೊಡುತ್ತಾರೆ. ರಾತ್ರಿ ಎದ್ದು ಸರ್ವರ್ ಸರಿಪಡಿಸಿದವನಿಗೂ ಹಾಜರಿ ಹಾಕಿ ಹೋದವನಿಗೂ ಒಂದೇ ಬಡ್ತಿ. ಇದು ದುಡಿಯುವವನಿಗೆ ಬಗೆಯುವ ದ್ರೋಹ, ನಿಜ. ಆದರೆ ಅದಕ್ಕೆ ಮದ್ದು, ಮಾಡಬೇಕಾದ ಕೆಲಸಕ್ಕೆ ಹೋಲಿಸಿ ಪ್ರತಿಯೊಬ್ಬರನ್ನೂ ಮುಖಾಮುಖಿ ಕೂತು ಅಳೆಯುವುದು. ಕಠಿಣ ಇಂಟರ್‌ವ್ಯೂಗಳಲ್ಲಿ ಸೋಸಿ ತೆಗೆದ ಹತ್ತು ಜನರ ಮೇಲೆ, ಕೆಲವರು ಮೇಲೆ, ಹೆಚ್ಚಿನವರು ನಡುವೆ, ಕೆಲವರು ಕೆಳಗೆ ಎನ್ನುವ ಬೆಲ್ ಕರ್ವ್ ಹೊದಿಸುವುದು ಸಂಖ್ಯಾಶಾಸ್ತ್ರಕ್ಕೂ ಒಪ್ಪದು. ಭಯವಿದ್ದರೇ ಜನ ದುಡಿಯುತ್ತಾರೆ ಎನ್ನುವವರು ತಂತ್ರಾಂಶ ಹೇಗೆ ತಯಾರಾಗುತ್ತದೆಂದು ನೋಡಿಲ್ಲ.

ತಂತ್ರಾಂಶ ತಯಾರಿಯಲ್ಲಿ ಬಹುಪಾಲು ಕಣ್ಣಿಗೆ ಬೀಳದ ಕೆಲಸ: ಬೇರೆಯವರ ಕೋಡ್ ಓದಿ ತಪ್ಪು ಹಿಡಿಯುವುದು, ಬಳಕೆಯಲ್ಲಿಲ್ಲದ ಸತ್ತ ಕೋಡ್ ಕಿತ್ತುಹಾಕುವುದು, ಎಚ್ಚರಿಕೆಯ ಸಂದೇಶಗಳನ್ನು ಯಾರಾದರೂ ಓದುವಂತೆ ಮಾಡುವುದು. ಇವು ನಡೆಯದಿದ್ದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಷೇರು ವಹಿವಾಟಿನ ಕಂಪನಿ ನೈಟ್ ಕ್ಯಾಪಿಟಲ್ ಸಾಕ್ಷಿ. ಅಲ್ಲಿ ರ‍್ಯಾಂಕಿಂಗ್ ಇತ್ತೆಂದು ನಾನು ಹೇಳುತ್ತಿಲ್ಲ. ನೋಡಬೇಕಾದ್ದು ಕೆಲಸದ ಸ್ವರೂಪವನ್ನು. 2012ರ ಆಗಸ್ಟ್ 1ಕ್ಕೆ ಮೊದಲು ಹೊಸ ಕೋಡನ್ನು ಎಂಟು ಸರ್ವರ್‌ಗಳಿಗೆ ಹಾಕಬೇಕಿತ್ತು, ಒಂದು ಉಳಿದುಹೋಯಿತು. ಎರಡನೆಯವರೊಬ್ಬರು ಪರೀಕ್ಷಿಸಬೇಕೆಂಬ ನಿಯಮವೇ ಇರಲಿಲ್ಲ. 2003ರಿಂದ ಬಳಸದ ಹಳೆಯ ಕೋಡ್ ಆ ಸರ್ವರಿನಲ್ಲಿ ಹಾಗೆಯೇ ಇತ್ತು. ಅಂದು ಬೆಳಿಗ್ಗೆ ಮಾರುಕಟ್ಟೆ ತೆರೆಯುವ ಮೊದಲೇ ವ್ಯವಸ್ಥೆ ದೋಷ ಸೂಚಿಸುವ 97 ಇಮೇಲ್ ಕಳುಹಿಸಿತ್ತು. ಯಾರೂ ಅವನ್ನು ಎಚ್ಚರಿಕೆಯೆಂದು ಪರಿಗಣಿಸಲಿಲ್ಲ. ಹಳೆಯ ಕೋಡ್ ಎದ್ದು ಕೂತು ಖರೀದಿ-ಮಾರಾಟಕ್ಕೆ ಇಳಿಯಿತು. ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ನಷ್ಟ.

ಆ ಹಳೆಯ ಕೋಡನ್ನು 2005ರಲ್ಲೇ ಒಬ್ಬ ಎಂಜಿನಿಯರು ಕಿತ್ತುಹಾಕಿದ್ದರೆ ಅಪ್ರೈಸಲ್‌ನಲ್ಲಿ ಏನೆಂದು ಬರೆದುಕೊಳ್ಳುತ್ತಿದ್ದ? ಆಗದೇ ಉಳಿದ ಅನಾಹುತಕ್ಕೆ ಅಂಕವಿಲ್ಲ. ಪಕ್ಕದವನಿಗಿಂತ ಮುಂದಿರಲೇಬೇಕಾದವನು ಅಂಥ ಕೆಲಸ ಬಿಟ್ಟು, ಮೇಲಿನವರಿಗೆ ತೋರಿಸಬಹುದಾದ ಹೊಸ ಫೀಚರ್ ಹಿಡಿಯುತ್ತಾನೆ. ಅದು ಅವನ ದುರಾಸೆಯಲ್ಲ, ಮನೆ ಸಾಲದ ಕಂತು ಕಟ್ಟುವವನ ವಿವೇಕ. ತಪ್ಪು ಅಳತೆಗೋಲಿನದು.

ರ‍್ಯಾಂಕಿಂಗ್ ಬಿಟ್ಟ ಮೈಕ್ರೋಸಾಫ್ಟ್, ನಿನ್ನ ಸ್ವಂತ ಕೆಲಸವೇನು ಎನ್ನುವುದರ ಜೊತೆಗೆ ಬೇರೆಯವರ ಯಶಸ್ಸಿಗೆ ಏನು ಮಾಡಿದೆ, ಬೇರೆಯವರ ಕೆಲಸವನ್ನು ಹೇಗೆ ಬಳಸಿಕೊಂಡೆ ಎಂದೂ ಕೇಳತೊಡಗಿತು. ಬೆಂಗಳೂರಿನ ಕಂಪನಿಗಳೂ ಹಾಗೆ ಕೇಳಲಿ, ಉತ್ತರವನ್ನು ಪ್ರಮೋಷನ್ನಿಗೂ ಸಂಬಳಕ್ಕೂ ಲೆಕ್ಕ ಹಿಡಿಯಲಿ.