ಪಾಠ ಹೇಳಲು ಹೋದವರು ಮನೆಗೆ ಏನು ಬರೆಯುತ್ತಾರೆ?

ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರವಾದಂತೆ ನಮ್ಮ ಮೊಬೈಲಿಗೆ ಬರುವ ಜಾಹೀರಾತುಗಳೂ ಬದಲಾಗುತ್ತವೆ. ಸಿಇಟಿ, ನೀಟ್ ಕೋಚಿಂಗ್‌ಗಳ ನಡುವೆ ಈಗ ಇನ್ನೊಂದು ಬಗೆಯೂ ಸೇರಿಕೊಂಡಿದೆ. ರಜೆಯಲ್ಲಿ ಎರಡು ವಾರ ವಿದೇಶಕ್ಕೆ ಬನ್ನಿ, ಬಡ ಮಕ್ಕಳಿಗೆ ಇಂಗ್ಲಿಷ್ ಕಲಿಸಿ, ಊರು ಸುತ್ತಿ, ಪ್ರಮಾಣಪತ್ರ ತೆಗೆದುಕೊಂಡು ಹೋಗಿ ಎಂಬ ಕರೆ. ಕೆಳಗೆ ಸಣ್ಣ ಅಕ್ಷರದಲ್ಲಿ ಶುಲ್ಕ. ಮೇಲೆ ಒಂದು ಚಿತ್ರ: ಹತ್ತಾರು ಮಕ್ಕಳ ನಡುವೆ ನಗುತ್ತ ಕುಳಿತ ಒಬ್ಬ ಯುವಕ ಅಥವಾ ಯುವತಿ. ಆ ಮಕ್ಕಳ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ.

ಹೋಗಬೇಡಿ ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಬೇರೆ ದೇಶದಲ್ಲಿದ್ದು, ಅಲ್ಲಿಯವರ ಅನ್ನ ಉಂಡು, ಅವರ ಮಕ್ಕಳಿಗೆ ನಾಲ್ಕು ಅಕ್ಷರ ಹೇಳಿಕೊಡಬೇಕೆಂಬ ಆಸೆ ಒಳ್ಳೆಯದೇ. ಆದರೆ ಹೋಗಬೇಕೆನ್ನುವವರು ಸಾಮಾನ್ಯವಾಗಿ ಕೇಳಿಕೊಳ್ಳುವುದು 'ನಾನು ಏನು ಕಲಿಸಬಲ್ಲೆ' ಎಂದು. ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ ಎಂದು ನನಗೆ ಅನಿಸುತ್ತದೆ: ನಮ್ಮನ್ನು ಮನೆಯೊಳಗೆ ಕರೆದು ಕೂರಿಸಿದವರ ಬಗ್ಗೆ ನಾವು ನಮ್ಮ ಊರಿನವರಿಗೆ ಏನು ಹೇಳುತ್ತೇವೆ?

ಇದು ಇನ್‌ಸ್ಟಾಗ್ರಾಂ ಕಾಲದ ಪ್ರಶ್ನೆ ಎಂದುಕೊಳ್ಳಬೇಡಿ. ಅರವತ್ತು ವರ್ಷಕ್ಕೂ ಹಿಂದೆ ಒಂದು ಪೋಸ್ಟ್‌ಕಾರ್ಡ್ ಈ ಪ್ರಶ್ನೆಯನ್ನು ಇಡೀ ಜಗತ್ತಿನ ಮುಂದೆ ಇಟ್ಟಿತ್ತು.

1961ರ ಮಾರ್ಚ್ 1ರಂದು ಅಮೆರಿಕದ ಅಧ್ಯಕ್ಷ ಕೆನಡಿ 'ಪೀಸ್ ಕೋರ್' ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಅಮೆರಿಕದ ಯುವಜನರು ಹೊಸದಾಗಿ ಸ್ವತಂತ್ರವಾದ ದೇಶಗಳಿಗೆ ಹೋಗಿ, ಎರಡು ವರ್ಷ ಅಲ್ಲಿಯವರಂತೆಯೇ ಬದುಕಿ, ಶಾಲೆಗಳಲ್ಲಿ, ಹೊಲಗಳಲ್ಲಿ, ಆಸ್ಪತ್ರೆಗಳಲ್ಲಿ ಕೆಲಸ ಮಾಡಬೇಕು ಎಂಬುದು ಯೋಜನೆ. ಅದೇ ವರ್ಷದ ಆಗಸ್ಟ್ 30ರಂದು ಮೊದಲ ತಂಡ ಘಾನಾ ದೇಶದ ಅಕ್ರಾ ನಗರದಲ್ಲಿ ಇಳಿಯಿತು. ತಂಡದಲ್ಲಿದ್ದ 51 ಮಂದಿಯೂ ಶಿಕ್ಷಕರಾಗಿ ಬಂದವರು. ವಿಮಾನದಿಂದ ಇಳಿದವರೇ ಸಾಲಾಗಿ ನಿಂತು ಅಲ್ಲಿಯ ಟ್ವಿ ಭಾಷೆಯಲ್ಲಿ ಒಂದು ಹಾಡು ಹಾಡಿದರು. ಉಚ್ಚಾರ ಹೇಗಿತ್ತೋ ಏನೋ, ಆದರೆ ಬಂದವರು ನಮ್ಮ ಮಾತು ಕಲಿತು ಬಂದಿದ್ದಾರಲ್ಲ ಎಂದು ಜನ ಮೆಚ್ಚಿಕೊಂಡರು.

ಒಂದೂವರೆ ತಿಂಗಳು ಕಳೆಯಿತು. ಇನ್ನೊಂದು ತಂಡ ನೈಜೀರಿಯಾದ ಇಬಾದಾನ್ ನಗರದ ಯೂನಿವರ್ಸಿಟಿ ಕಾಲೇಜಿನಲ್ಲಿ ತರಬೇತಿ ಪಡೆಯುತ್ತಿತ್ತು. ನೈಜೀರಿಯಾ ಸ್ವತಂತ್ರವಾಗಿ ಆಗ ಕೇವಲ ಒಂದು ವರ್ಷ. ತಂಡದಲ್ಲಿದ್ದ 23 ವರ್ಷದ ಯುವತಿಯೊಬ್ಬಳು ಅಮೆರಿಕದ ಗೆಳೆಯನಿಗೆ ಒಂದು ಪೋಸ್ಟ್‌ಕಾರ್ಡ್ ಬರೆದಳು. ನಗರ ಅದ್ಭುತವಾಗಿದೆ ಎಂದಳು. ಆದರೆ ಇಲ್ಲಿಯ ಕೊಳಕಿಗೆ, ಹಿಂದುಳಿದ ಬದುಕಿಗೆ ನಮ್ಮ ತರಬೇತಿ ನಮ್ಮನ್ನು ಸಿದ್ಧಪಡಿಸಿರಲಿಲ್ಲ ಎಂದಳು. ನಮ್ಮನ್ನು ಬಿಟ್ಟು ಎಲ್ಲರೂ ಬೀದಿಯಲ್ಲೇ ಬದುಕುತ್ತಾರೆ, ಬೀದಿಯಲ್ಲೇ ಅಡುಗೆ ಮಾಡುತ್ತಾರೆ, ಶೌಚಕ್ಕೂ ಬೀದಿಯೇ ಎಂಬ ಅರ್ಥದ ಸಾಲು ಬರೆದಳು. ಮೊದಲ ಆಘಾತ ಕಳೆದ ಮೇಲೆ ಇಲ್ಲಿರುವುದು ಸಾರ್ಥಕ ಅನಿಸುತ್ತಿದೆ ಎಂದೂ ಬರೆದಿದ್ದಳು. ಅಷ್ಟೂ ಒಂದೇ ಕಾರ್ಡಿನಲ್ಲಿ.

ಕಾರ್ಡು ಅಂಚೆ ಡಬ್ಬಿ ಸೇರಲಿಲ್ಲ. ದಾರಿಯಲ್ಲಿ ಬಿದ್ದು ಅಲ್ಲಿಯ ವಿದ್ಯಾರ್ಥಿಗಳ ಕೈಗೆ ಸಿಕ್ಕಿತು. ಅವರು ಅದರ ಪ್ರತಿಗಳನ್ನು ಮಾಡಿ ಕಾಲೇಜಿನ ತುಂಬ ಹಂಚಿದರು. ಸಭೆ ಸೇರಿತು, ಪ್ರತಿಭಟನೆ ನಡೆಯಿತು, ಇವರನ್ನೆಲ್ಲ ವಾಪಸು ಕಳಿಸಿ ಎಂಬ ಬೇಡಿಕೆ ಎದ್ದಿತು. ಸುದ್ದಿ ಅಮೆರಿಕದ ಪತ್ರಿಕೆಗಳಿಗೂ ಹೋಯಿತು. ಯುವತಿ ಕ್ಷಮೆ ಕೇಳಿ ದೇಶ ಬಿಟ್ಟಳು. ಅವಳ ಜೊತೆಯವರು ಉಳಿದರು, ಕಾರ್ಯಕ್ರಮವೂ ನಿಲ್ಲಲಿಲ್ಲ. ಅಧ್ಯಕ್ಷ ಕೆನಡಿಯೇ ಅವಳಿಗೆ ಸಮಾಧಾನದ ಪತ್ರ ಬರೆದರಂತೆ.

ಈ ಕತೆ ಕೇಳಿದವರು ಹೆಚ್ಚಾಗಿ ಹೇಳುವುದು ಒಂದೇ ಮಾತು: ಪಾಪ, ಅವಳು ಸುಳ್ಳು ಬರೆದಿರಲಿಲ್ಲವಲ್ಲ. ಕಂಡದ್ದನ್ನು ಬರೆದಳು. ಅದೂ ಖಾಸಗಿ ಪತ್ರ.

ನಮ್ಮ ಕಾಲೇಜಿನಲ್ಲಿ ಓದುವವರಿಗೆ ಇಲ್ಲಿ ಒಂದು ಹದೀಸ್ ನೆನಪಾಗಬೇಕು. ಗೀಬತ್ ಎಂದರೆ ಏನೆಂದು ಪ್ರವಾದಿ(ಸ) ಸಂಗಾತಿಗಳಿಗೆ ವಿವರಿಸಿದ್ದರು. ನಿನ್ನ ಸಹೋದರನ ಬಗ್ಗೆ ಅವನಿಗೆ ಇಷ್ಟವಾಗದ್ದನ್ನು ಅವನ ಬೆನ್ನ ಹಿಂದೆ ಹೇಳುವುದೇ ಗೀಬತ್. ನಾನು ಹೇಳಿದ್ದು ಅವನಲ್ಲಿ ನಿಜವಾಗಿಯೂ ಇದ್ದರೆ ಎಂದು ಕೇಳಿದಾಗ ಬಂದ ಉತ್ತರದ ಸಾರ ಇಷ್ಟು: ಇದ್ದರೇ ಅದು ಗೀಬತ್, ಇಲ್ಲದಿದ್ದರೆ ಅದು ಸುಳ್ಳು ಆರೋಪ. ಅಂದರೆ 'ನಿಜವಲ್ಲವೇ' ಎನ್ನುವುದು ಬಿಡುಗಡೆಯ ಚೀಟಿಯಲ್ಲ. ಮಾತಿನ ತಪ್ಪು ಆರಂಭವಾಗುವುದೇ ಅದು ನಿಜವಾಗಿರುವಲ್ಲಿ. ಮದರಸದಲ್ಲಿ ಚಿಕ್ಕಂದಿನಲ್ಲೇ ಕೇಳಿದ ಈ ಪಾಠವನ್ನು ನಾವು ಪಕ್ಕದ ಮನೆಯ ಮಾತಿಗೆ ಮಾತ್ರ ಅನ್ವಯಿಸಿಕೊಂಡು, ಇಡೀ ಊರು, ಇಡೀ ದೇಶದ ಬಗ್ಗೆ ಮಾತಾಡುವಾಗ ಮರೆತುಬಿಡುತ್ತೇವೆ.

ಇಬಾದಾನಿನ ವಿದ್ಯಾರ್ಥಿಗಳಿಗೆ ನೋವಾದದ್ದು ಏಕೆ ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ವಿದೇಶಿ ಪ್ರವಾಸಿಯೊಬ್ಬ ನಮ್ಮ ರೈಲು ನಿಲ್ದಾಣದ ಪಕ್ಕದ ಕಸದ ರಾಶಿಯನ್ನು ವಿಡಿಯೊ ಮಾಡಿ ಹಾಕಿದರೆ ನಮ್ಮ ಮುಖ ಬಿಸಿಯಾಗುತ್ತದೆ. ಕಸ ಇರುವುದು ಸುಳ್ಳೇ? ಅಲ್ಲ. ದಿನಾ ಅದರ ಪಕ್ಕದಲ್ಲೇ ನಡೆದು ಬಂದು ನಗರಸಭೆಯನ್ನು ಬೈಯುವವರು ನಾವೇ. ಆದರೂ ಅವನು ಹೇಳಿದಾಗ ಬೇರೆಯಾಗಿ ಕೇಳಿಸುತ್ತದೆ. ಇನ್ನು ಅಪ್ಪನೋ ಅಣ್ಣನೋ ಮಾವನೋ ಗಲ್ಫ್‌ನಲ್ಲಿ ದುಡಿಯುವ ಮನೆಗಳವರಂತೂ ಇದನ್ನು ಇನ್ನೂ ಚೆನ್ನಾಗಿ ಬಲ್ಲರು. ಒಂದು ಕೋಣೆಯಲ್ಲಿ ಎಂಟು ಜನ ಮಲಗುತ್ತೇವೆ ಎಂದು ಅಣ್ಣ ಫೋನಿನಲ್ಲಿ ನಗುತ್ತ ಹೇಳಬಹುದು. ಅದೇ ಕೋಣೆಯನ್ನು ಯಾರೋ ಬಂದು ಫೋಟೊ ತೆಗೆದು 'ಇವರು ಹೀಗೆ ಬದುಕುತ್ತಾರೆ' ಎಂದು ಹಾಕಿದರೆ ಅಣ್ಣ ನಗುವುದಿಲ್ಲ.

ಹಾಗಾದರೆ ಬೇರೆ ದೇಶದಲ್ಲಿ ಕಂಡ ಬಡತನ, ಅನ್ಯಾಯದ ಬಗ್ಗೆ ಬಾಯಿ ಮುಚ್ಚಿಕೊಂಡಿರಬೇಕೇ? ಇಲ್ಲ. ಗೀಬತ್ತಿನ ವಿಷಯದಲ್ಲೂ ಉಲಮಾಗಳು ವಿನಾಯಿತಿ ಹೇಳಿದ್ದಾರೆ: ಅನ್ಯಾಯವಾದರೆ ಸರಿಪಡಿಸಬಲ್ಲವರ ಮುಂದೆ ದೂರು ಹೇಳಬಹುದು. ಶಾಲೆಯಲ್ಲಿ ಮಗುವಿಗೆ ಬೆತ್ತದ ಏಟು ಬೀಳುವುದನ್ನು ಕಂಡ ಸ್ವಯಂಸೇವಕಿ ಮುಖ್ಯೋಪಾಧ್ಯಾಯರ ಬಳಿ ಹೋಗಲಿ, ಅಲ್ಲಿ ಆಗದಿದ್ದರೆ ಮೇಲಿನವರ ಬಳಿ ಹೋಗಲಿ. ಅದು ಧೈರ್ಯ ಬೇಕಾದ ಕೆಲಸ. ಸಾವಿರಾರು ಮೈಲಿ ದೂರದಲ್ಲಿರುವ ಗೆಳತಿಯರಿಗೆ ಸ್ಟೇಟಸ್ ಹಾಕಿ 'ಅಯ್ಯೋ' ಎನ್ನಿಸಿಕೊಳ್ಳಲು ಯಾವ ಧೈರ್ಯವೂ ಬೇಡ. ಆ ಮಗುವಿಗೆ ಅದರಿಂದ ಬೀಳುವ ಏಟು ಕಡಿಮೆಯಾಗುವುದೂ ಇಲ್ಲ.

ಎರಡು ವಾರದ ವಿಷಯಕ್ಕೆ ಬರುತ್ತೇನೆ. ವರ್ಷದ ನಡುವೆ ಅತಿಥಿ ಉಪನ್ಯಾಸಕರು ಬದಲಾದರೆ ಏನಾಗುತ್ತದೆ ಎಂದು ಪಿಯುಸಿಯವರನ್ನು ಕೇಳಿ ನೋಡಿ. ಹೊಸಬರು ಬರುತ್ತಾರೆ, ಹೆಸರು ಕೇಳುತ್ತಾರೆ, ಎಲ್ಲಿಯವರೆಗೆ ಆಗಿದೆ ಎಂದು ಕೇಳುತ್ತಾರೆ, ಮೊದಲ ಪಾಠವನ್ನೇ ಮತ್ತೆ ಹಿಡಿಯುತ್ತಾರೆ. ಹದಿನೈದು ದಿನಕ್ಕೊಮ್ಮೆ ಹೀಗಾದರೆ? ಆ ಮಕ್ಕಳು ಇಂಗ್ಲಿಷಿನ ಬಣ್ಣಗಳ ಹೆಸರನ್ನೂ ಪ್ರಾಣಿಗಳ ಹೆಸರನ್ನೂ ಎಷ್ಟು ಸಲ ಕಲಿಯಬೇಕು! ಅಲ್ಲಿಯ ಶಿಕ್ಷಕರು ಅಷ್ಟು ದಿನ ತಮ್ಮ ಪಾಠ ನಿಲ್ಲಿಸಿ ಅತಿಥಿಯನ್ನು ನೋಡಿಕೊಳ್ಳಬೇಕು. ಅತಿಥಿ ಸತ್ಕಾರ ಮೂರು ದಿನ, ಆಮೇಲಿನದ್ದು ದಾನ, ಆತಿಥೇಯನಿಗೆ ಕಷ್ಟವಾಗುವಷ್ಟು ಉಳಿಯಬಾರದು ಎಂದು ನಮಗೆ ಕಲಿಸಿದ್ದಾರೆ. ಸೇವೆಗೆಂದು ಹೋದವನೇ ದಾನ ತೆಗೆದುಕೊಂಡು ಬಂದರೆ ಹೇಗೆ?

ಈ ಕೆಲಸದಲ್ಲಿ ಹಳಬರಾದ ಸಂಸ್ಥೆಗಳು ಇದನ್ನು ಅರಿತಿವೆ. ಪೀಸ್ ಕೋರ್‌ನ ಅವಧಿ ಇಂದಿಗೂ ಸುಮಾರು 27 ತಿಂಗಳು. ಮೊದಲ ಮೂರು ತಿಂಗಳು ತರಬೇತಿಗೆ, ಅದರಲ್ಲಿ ಮುಖ್ಯವಾದದ್ದು ಅಲ್ಲಿಯ ಭಾಷೆ. ಬ್ರಿಟನ್ನಿನ ವಿಎಸ್‌ಒ 1958ರಲ್ಲಿ ಆರಂಭವಾದಾಗ ಶಾಲೆ ಮುಗಿಸಿದ ಹದಿನೆಂಟರ ಹುಡುಗರನ್ನು ಕಳಿಸುತ್ತಿತ್ತು. ಸರಿಯಾಗಿ ನಮ್ಮ ವಯಸ್ಸು! ಕಾಲಕ್ರಮದಲ್ಲಿ ಅದು ತರಬೇತಿ ಪಡೆದ, ವೃತ್ತಿಯ ಅನುಭವ ಇರುವವರತ್ತ ತಿರುಗಿತು. ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮವೂ ಇದೆ, 1970ರಲ್ಲಿ ಸ್ಥಾಪನೆಯಾದದ್ದು. ಅದು ಹೊರದೇಶಕ್ಕೆ ಹೋಗುವ ಸ್ವಯಂಸೇವಕರಿಗೆ ಅಲ್ಲಿ ಬದುಕಲು ಬೇಕಾದ ಭತ್ಯೆ ಕೊಡುತ್ತದೆ. ಹಣ ಯಾರು ಯಾರಿಗೆ ಕೊಡುತ್ತಿದ್ದಾರೆ ಎಂದು ನೋಡಿದರೆ ಎಷ್ಟೋ ವಿಷಯ ತಿಳಿಯುತ್ತದೆ. ನೀವು ಕೊಡುತ್ತಿದ್ದರೆ ನೀವು ಗ್ರಾಹಕರು, ಆ ಮಕ್ಕಳು ಸರಕು.

ಕಟುವಾಯಿತು ಎನಿಸಿದರೆ ಕಾಂಬೋಡಿಯಾದ ಅನಾಥಾಲಯಗಳನ್ನು ನೋಡಿ. ಅಲ್ಲಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ ಎಂಬುದನ್ನು ಯುನಿಸೆಫ್ ಬಹಳ ಹಿಂದೆಯೇ ಎತ್ತಿ ತೋರಿಸಿದೆ. ನೋಡಲು, ಕಲಿಸಲು, ಕಾಣಿಕೆ ಕೊಡಲು ಪ್ರವಾಸಿಗರು ಬರುತ್ತಾರೆಂದು ಬಡವರ ಮಕ್ಕಳನ್ನು ತಂದು ಇಟ್ಟುಕೊಂಡ ಕಡೆಗಳೂ ಇವೆ. ಯತೀಮರ ವಿಷಯದಲ್ಲಿ ಕುರ್‌ಆನ್ ಎಷ್ಟು ಕಠಿಣವಾಗಿ ಮಾತಾಡುತ್ತದೆ ಎಂದು ಬಲ್ಲ ನಾವು, ಯತೀಮ್ ಎಂಬ ಹೆಸರಿನಲ್ಲೇ ನಡೆಯುವ ಇಂಥ ವ್ಯವಹಾರಕ್ಕೆ ರಜೆಯ ದುಡ್ಡು ಕೊಟ್ಟು ಬರುವಂತಾಗಬಾರದು.

ಊರು ಬಿಟ್ಟು ಕಲಿಸಲು ಹೋದ ಯುವಕನ ಮಾದರಿ ನಮ್ಮ ಚರಿತ್ರೆಯಲ್ಲೇ ಇದೆ. ಮುಸ್‌ಅಬ್ ಬಿನ್ ಉಮೈರ್(ರ) ಮಕ್ಕಾದ ಶ್ರೀಮಂತ ಮನೆಯಲ್ಲಿ, ಒಳ್ಳೆಯ ಉಡುಪು, ಸುಗಂಧಗಳ ನಡುವೆ ಬೆಳೆದವರು. ಹಿಜ್ರಾಕ್ಕೆ ಮುನ್ನ ಪ್ರವಾದಿ(ಸ) ಅವರನ್ನು ಯಸ್ರಿಬ್‌ಗೆ, ಅಂದರೆ ಇಂದಿನ ಮದೀನಾಕ್ಕೆ, ಶಿಕ್ಷಕರಾಗಿ ಕಳಿಸಿದರು. ಅವರು ಅಲ್ಲಿ ಅಸ್ಅದ್ ಬಿನ್ ಝುರಾರಾ(ರ) ಅವರ ಮನೆಯಲ್ಲಿ ಅತಿಥಿಯಾಗಿದ್ದರು. ಒಂದು ದಿನ ಆ ಊರಿನ ಮುಖಂಡ ಉಸೈದ್ ಬಿನ್ ಹುದೈರ್ ಭರ್ಜಿ ಹಿಡಿದು ಬಂದು, ಇಲ್ಲಿಂದ ಹೊರಡು ಎಂದು ಗದರಿದರು. ಕುಳಿತು ಕೇಳಿ, ಹಿಡಿಸಿದರೆ ಒಪ್ಪಿ, ಹಿಡಿಸದಿದ್ದರೆ ನಾವು ನಿಲ್ಲಿಸುತ್ತೇವೆ ಎಂಬರ್ಥದ ಮಾತು ಹೇಳಿದರಂತೆ ಮುಸ್‌ಅಬ್. ಉಸೈದ್ ಭರ್ಜಿ ನೆಲಕ್ಕೂರಿ ಕುಳಿತರು. ಮುಂದಿನದು ನಮಗೆ ಗೊತ್ತು. ನನ್ನನ್ನು ಹಿಡಿಯುವುದು ಆ ಮಾತಿನ ಕೊನೆಯ ಭಾಗ: ಹಿಡಿಸದಿದ್ದರೆ ನಿಲ್ಲಿಸುತ್ತೇವೆ. ಕಲಿಸಲು ಬಂದವನನ್ನು 'ಸಾಕು' ಎನ್ನುವ ಹಕ್ಕು ಆ ಊರಿನವರಿಗೆ ಇತ್ತು. ಇಂದಿನ ಯಾವ ಜಾಹೀರಾತಿನಲ್ಲಿ ಆ ಹಕ್ಕಿನ ಪ್ರಸ್ತಾಪ ಇದೆ?

ನಮ್ಮ ಕರಾವಳಿಯೂ ಒಮ್ಮೆ ಇಂಥ ಪರದೇಶಿಯ ಬರಹಕ್ಕೆ ವಸ್ತುವಾಗಿತ್ತು. 14ನೇ ಶತಮಾನದಲ್ಲಿ ಮೊರೊಕ್ಕೊದ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಿದ್ದ. ಆ ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆ, ಬೇರೆಲ್ಲೂ ಇಂಥದ್ದನ್ನು ನೋಡಿಲ್ಲ ಎಂದು ಬರೆದಿಟ್ಟ. ಅಲ್ಲಿಯ ಹೆಂಗಸರಿಗೆ ಕುರ್‌ಆನ್ ಕಂಠಪಾಠ ಎಂದೂ ಬರೆದ. ಇದೇ ಮನುಷ್ಯ ಮುಂದೆ ಮಾಲ್ಡೀವ್ಸ್‌ನಲ್ಲಿ ಖಾಝಿಯಾಗಿ ಕುಳಿತಾಗ, ಅಲ್ಲಿಯ ಹೆಂಗಸರ ಉಡುಪನ್ನು ಬದಲಾಯಿಸಲು ಹೊರಟು ಸೋತ. ಅದನ್ನೂ ಮುಚ್ಚಿಡದೆ ಬರೆದಿದ್ದಾನೆ. ಹೊನ್ನಾವರದಲ್ಲಿ ಅವನು ಬಡವರನ್ನು, ಕೆಸರನ್ನು, ಸೊಳ್ಳೆಯನ್ನು ಕಂಡಿರಲಿಲ್ಲವೇ? ನಮ್ಮ ಮಳೆಗಾಲ ಬಲ್ಲವರು ಉತ್ತರ ಹೇಳಲಿ. ಆದರೆ ಅವನು ಶಾಲೆಗಳನ್ನು ಎಣಿಸಿದ, ಮತ್ತು ಅವನ ಲೆಕ್ಕದಿಂದಾಗಿಯೇ ಆರೂವರೆ ಶತಮಾನದ ನಂತರವೂ ಆ ಹುಡುಗಿಯರ ಶಾಲೆಗಳು ನಮಗೆ ಗೊತ್ತಿವೆ.

ನಮ್ಮ ಕಾಲೇಜಿನಿಂದಲೂ ನಾಳೆ ಯಾರಾದರೂ ಹೋಗಬಹುದು, ನೇಪಾಳಕ್ಕೋ ತಾಂಜಾನಿಯಕ್ಕೋ. ಬಂದ ಮೇಲೆ ಈ ವಾರ್ತಾಪತ್ರಕ್ಕೆ ಅನುಭವ ಬರೆದು ಕೊಡಿ ಎಂದು ನಾವೇ ದುಂಬಾಲು ಬೀಳುತ್ತೇವೆ. ಸಂಪಾದಕ ಬಳಗಕ್ಕೆ ನನ್ನದೊಂದು ಸಲಹೆ. ಅಂಥ ಲೇಖನವನ್ನು ಅಚ್ಚಿಗೆ ಕಳಿಸುವ ಮೊದಲು, ಅದರ ಇಂಗ್ಲಿಷ್ ಸಾರಾಂಶವನ್ನು ಅವರು ಕಲಿಸಿದ ಶಾಲೆಯ ಮುಖ್ಯೋಪಾಧ್ಯಾಯರಿಗೆ ಕಳಿಸಿ, ಒಂದು ವಾರ ಕಾಯೋಣ. ಮಕ್ಕಳ ಫೋಟೊ ಇದ್ದರೆ ಅವರ ತಂದೆ ತಾಯಿಯ ಒಪ್ಪಿಗೆಯ ಸಹಿ ಕೇಳೋಣ. ಅಲ್ಲಿಂದ ಆಕ್ಷೇಪ ಬಂದರೆ ಅದನ್ನೂ ಲೇಖನದ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕೋಣ. ಒಂದು ಸಂಚಿಕೆ ತಡವಾದರೆ ಆಗಲಿ.